ಜಪಾನೀ ಭಾಷಾ ಪರೀಕ್ಷೆ ಮತ್ತು ಗಡಿನಾಡಿನ ಕನ್ನಡ ವಿದ್ಯಾರ್ಥಿ

ಪರಭಾಷೆಯೊಂದನ್ನು ಕಲಿಯುವುದು ಒಂದು ಸಾಧನೆಯಾದರೆ, ಕಲಿತುದನ್ನು ಗೊತ್ತುಪಡಿಸಿದ ವೇಳೆಯೊಳಗೆ ಪರೀಕ್ಷೆಯ ಕಾಗದದ ಮೇಲೆ ತೋರಿಸುವುದು ಇನ್ನೊಂದು ಸಾಧನೆ. ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತವರನ್ನು ಪ್ರತಿಯೊಬ್ಬ ಶಿಕ್ಷಕರೂ ಕಂಡಿರುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ತರುಣರಿಗೆ ಜಪಾನೀ ಭಾಷೆಯು ಇನ್ನು ಮೇಲೆ ಕೇವಲ ಕುತೂಹಲದ ವಸ್ತುವಾಗಿ ಉಳಿಯಬೇಕಾಗಿಲ್ಲ. ೧೮೮೮ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಆರಂಭವಾದ ಕಿರ್ಲೋಸ್ಕರ ಮನೆತನದ ಉದ್ಯಮವು ೧೯೯೭ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆಯೊಡನೆ ಕೈಜೋಡಿಸಿ ಬಿಡದಿಯಲ್ಲಿ ಕಾರಖಾನೆಯನ್ನು ಕಟ್ಟಿತು. ೨೦೧೯ರ ಏಪ್ರಿಲಿನಲ್ಲಿ ಜಪಾನ್ ಸರಕಾರವು ನಿರ್ದಿಷ್ಟ ಕೌಶಲವುಳ್ಳ ಪರದೇಶದ ಕೆಲಸಗಾರರಿಗೆಂದು ಹೊಸ ಬಗೆಯ ನಿವಾಸ ಪರವಾನಿಗೆಯನ್ನು ಜಾರಿಗೆ ತಂದಿತು. ವೃದ್ಧರ ಶುಶ್ರೂಷೆ, ಕೃಷಿ, ಕಟ್ಟಡ ನಿರ್ಮಾಣ ಮೊದಲಾದ ಕ್ಷೇತ್ರಗಳು ಅದರಲ್ಲಿ ಸೇರಿವೆ. ೨೦೨೧ರ ಜನವರಿಯಲ್ಲಿ ಭಾರತವು ಈ ಕುರಿತು ಆ ದೇಶದೊಡನೆ ಸಹಕಾರ ಒಪ್ಪಂದವನ್ನು ಮಾಡಿಕೊಂಡಿತು. ಆ ಬಾಗಿಲಿನ ಹೊಸ್ತಿಲಲ್ಲಿ ಭಾಷಾ ಪರೀಕ್ಷೆ ನಿಂತಿದೆ.

ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ ಈ ಹೊಸ್ತಿಲಿನಿಂದಲೇ ಹಿಂದೆ ಸರಿಯುವುದುಂಟು. ಜಪಾನೀ ಭಾಷೆಯ ಪಠ್ಯಪುಸ್ತಕಗಳ ವಿವರಣೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ, ಇಂಗ್ಲಿಷ್ ಚೆನ್ನಾಗಿ ಬಾರದವನಿಗೆ ಜಪಾನಿಯೂ ಬಾರದೆಂಬ ಭಾವನೆ ಬೇರೂರಿದೆ. ಇದು ತೀರ ತಪ್ಪು. ವಾಕ್ಯರಚನೆಯ ಮಟ್ಟಿಗೆ ಜಪಾನಿಗೆ ಇಂಗ್ಲಿಷು ದೂರದ ನೆರೆ, ಕನ್ನಡವು ಪಕ್ಕದ ಮನೆ. ಕನ್ನಡದ ವಿದ್ಯಾರ್ಥಿ ಇಂಗ್ಲಿಷಿನ ಮಾರ್ಗವಾಗಿ ಸುತ್ತುಬಳಸಿ ಹೋಗುವಾಗ ತನ್ನ ಕೈಯಲ್ಲಿರುವ ಕೀಲಿಯನ್ನು ದಾರಿಯಲ್ಲಿ ಬಿಸಾಡಿ ಹೋಗುತ್ತಾನೆ. ಆ ಕೀಲಿ ಯಾವ ಬೀಗವನ್ನು ತೆರೆಯುತ್ತದೆ, ಯಾವುದನ್ನು ತೆರೆಯಲಾರದು ಎಂಬುದನ್ನು ತಿಳಿದು ಅಭ್ಯಾಸದ ವೇಳೆಯನ್ನು ಹಂಚಿಕೊಳ್ಳುವುದೇ ಈ ಪರೀಕ್ಷೆಯ ಮುಖ್ಯ ತಂತ್ರ.

ಪರೀಕ್ಷೆಯ ಸ್ವರೂಪವನ್ನು ಮೊದಲು ನೋಡಬೇಕು. ಜೆ.ಎಲ್.ಪಿ.ಟಿ. ಎಂದು ಪ್ರಸಿದ್ಧವಾದ ಈ ಪರೀಕ್ಷೆ ೧೯೮೪ರಲ್ಲಿ ೧೫ ದೇಶ-ಪ್ರದೇಶಗಳಲ್ಲಿ ಸುಮಾರು ೭,೦೦೦ ಅಭ್ಯರ್ಥಿಗಳೊಂದಿಗೆ ಆರಂಭವಾಯಿತು. ಮೊದಲು ನಾಲ್ಕು ಮಟ್ಟಗಳಿದ್ದವು. ೨೦೧೦ರಿಂದ ಎನ್-೫ರಿಂದ ಎನ್-೧ರವರೆಗೆ ಐದು ಮಟ್ಟಗಳಾದವು. ಎನ್-೫ ಅತ್ಯಂತ ಸುಲಭ, ಎನ್-೧ ಅತ್ಯಂತ ಕಠಿಣ. ಜುಲೈ ಮತ್ತು ಡಿಸೆಂಬರ್ ತಿಂಗಳುಗಳ ಮೊದಲ ರವಿವಾರ ಪರೀಕ್ಷೆ ನಡೆಯುತ್ತದೆ. ಬರವಣಿಗೆಯಿಲ್ಲ, ಮಾತಿನ ಪರೀಕ್ಷೆಯೂ ಇಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದುದರ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು. ಕೆಲಸದ ಪರವಾನಿಗೆಗೆ ಕೇಳುವ ಎನ್-೪ರಲ್ಲಿ ಶಬ್ದ ಮತ್ತು ಲಿಪಿಗೆ ೨೫ ನಿಮಿಷ, ವ್ಯಾಕರಣ ಮತ್ತು ಓದಿಗೆ ೫೫ ನಿಮಿಷ, ಆಲಿಸುವಿಕೆಗೆ ೩೫ ನಿಮಿಷ. ಒಂದು ಭಾಗ ಮುಗಿದು ಪುಸ್ತಿಕೆಯನ್ನು ಹಿಂದಿರುಗಿಸಿದ ಮೇಲೆ ಅದಕ್ಕೆ ಮರಳುವಂತಿಲ್ಲ.

ಅಂಕಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿಯೇ ಬಹು ಜನ ಎಡವುತ್ತಾರೆ. ಒಟ್ಟು ೧೮೦ ಅಂಕಗಳಲ್ಲಿ ಎನ್-೫ಕ್ಕೆ ೮೦, ಎನ್-೪ಕ್ಕೆ ೯೦ ಬಂದರೆ ತೇರ್ಗಡೆ. ಆದರೆ ಇಷ್ಟೇ ಸಾಲದು. ಈ ಎರಡು ಮಟ್ಟಗಳಲ್ಲಿ ಭಾಷಾಜ್ಞಾನ ಮತ್ತು ಓದು ಸೇರಿ ೧೨೦ಕ್ಕೆ ಕನಿಷ್ಠ ೩೮, ಆಲಿಸುವಿಕೆಯಲ್ಲಿ ೬೦ಕ್ಕೆ ಕನಿಷ್ಠ ೧೯ ಬರಲೇಬೇಕು. ಒಬ್ಬ ಬುದ್ಧಿವಂತ ವಿದ್ಯಾರ್ಥಿ ಮೊದಲನೆಯದರಲ್ಲಿ ೧೦೨ ಅಂಕಗಳನ್ನು ಗಳಿಸಿ, ಆಲಿಸುವಿಕೆಯಲ್ಲಿ ೧೭ ಗಳಿಸಿದನೆನ್ನಿ. ಒಟ್ಟು ೧೧೯, ಬೇಕಾದುದಕ್ಕಿಂತ ೨೯ ಹೆಚ್ಚು. ಆದರೂ ಅವನು ಅನುತ್ತೀರ್ಣ. ಪುಸ್ತಕವನ್ನು ಬಾಯಿಪಾಠ ಮಾಡಿ ಎಸ್.ಎಸ್.ಎಲ್.ಸಿ. ದಾಟುವ ಪದ್ಧತಿ ರೂಢಿಯಾಗಿರುವ ಮಕ್ಕಳಿಗೆ ಈ ನಿಯಮ ಅತ್ಯಂತ ಕ್ರೂರವಾಗಿ ಪರಿಣಮಿಸುತ್ತದೆ. ಅಂಕಗಳು ಸರಿಯುತ್ತರಗಳ ನೇರ ಎಣಿಕೆಯೂ ಅಲ್ಲ. ಪ್ರಶ್ನೆಗಳ ಕಾಠಿಣ್ಯವನ್ನು ಗಣನೆಗೆ ತೆಗೆದುಕೊಂಡು ಅಳೆಯಲ್ಪಟ್ಟವು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡತಕ್ಕದ್ದಲ್ಲ.

ಇನ್ನು ಕನ್ನಡವು ತೆರೆಯುವ ಬೀಗಗಳು. ಜಪಾನೀ ಅಕ್ಷರಮಾಲೆಯ ಕ್ರಮವನ್ನು ನೋಡಿದ ಕನ್ನಡ ಶಿಕ್ಷಕರಿಗೆ ವಿಸ್ಮಯವಾಗದಿರದು: ಅ, ಇ, ಉ, ಎ, ಒ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಅಧ್ಯಯನದೊಡನೆ ಭಾರತದ ವರ್ಣಮಾಲೆಯ ಕ್ರಮವನ್ನು ಪೂರ್ವಕ್ಕೆ ಒಯ್ದುದರ ಕುರುಹು ಇದು. ಚ-ವರ್ಗದ ಸ್ಥಾನದಲ್ಲಿ 'ಸ', ಪ-ವರ್ಗದ ಸ್ಥಾನದಲ್ಲಿ 'ಹ' ಕುಳಿತಿರುವುದಕ್ಕೆ ಪ್ರಾಚೀನ ಜಪಾನಿಯ ಉಚ್ಚಾರ ಭಿನ್ನವಾಗಿದ್ದುದೇ ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಕನ್ನಡದಲ್ಲಿಯೂ ಹಳೆಯ 'ಪಾಲು' 'ಹಾಲು' ಆದುದನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳಲ್ಲಿ ತಲಾ ೪೬ ಮೂಲಾಕ್ಷರಗಳಿವೆ. ಬಳ್ಳಿಯನ್ನು ಬರೆಸಿ ಕಲಿಸಿದ ಶಿಕ್ಷಕರು ಇವನ್ನು ಒಂದು ತಿಂಗಳೊಳಗೆ ಕಲಿಸಬಲ್ಲರು. ಆ ಮೇಲೆ ಜಪಾನಿಯನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ನಿಷ್ಠುರವಾಗಿ ಬಿಡಿಸಬೇಕು. ಪರೀಕ್ಷೆಯ ಕಾಗದದಲ್ಲಿ ಕನ್ನಡವೂ ಇಲ್ಲ, ರೋಮನ್ ಅಕ್ಷರವೂ ಇಲ್ಲ.

ಹ್ರಸ್ವ-ದೀರ್ಘಗಳ ಭೇದವು ಇನ್ನೊಂದು ಅನುಕೂಲ. 'ಕೊಕೊ' ಎಂದರೆ ಇಲ್ಲಿ, 'ಕೋಕೋ' ಎಂದರೆ ಪ್ರೌಢಶಾಲೆ. 'ಒಜಿಸನ್' ಚಿಕ್ಕಪ್ಪ ಅಥವಾ ಮಾವ, 'ಒಜೀಸನ್' ಅಜ್ಜ. ತಿಂಗಳ ನಾಲ್ಕನೆಯ ತಾರೀಖು 'ಯೊಕ್ಕ', ಎಂಟನೆಯದು 'ಯೋಕ'. 'ಕೊಡು-ಕೋಡು', 'ಕತೆ-ಕತ್ತೆ' ಎಂಬ ಭೇದಗಳನ್ನು ಹುಟ್ಟಿನಿಂದ ಬಲ್ಲ ಕನ್ನಡದ ಕಿವಿಗೆ ಇವು ಸಹಜವಾಗಿ ದಕ್ಕುತ್ತವೆ. ನಿಪ್ಪಾಣಿಯ ಹಲವು ಮನೆಗಳಲ್ಲಿ ಮರಾಠಿಯೇ ಮನೆಮಾತಾಗಿರುವುದರಿಂದ ಅಲ್ಲಿಯ ಶಿಕ್ಷಕರು ಒಂದು ಮಾತನ್ನು ಗಮನಿಸಬೇಕು. ಮರಾಠಿಯಲ್ಲಿ ಹ್ರಸ್ವ ಎ, ಒ ಪ್ರತ್ಯೇಕ ಅಕ್ಷರಗಳಾಗಿಲ್ಲ. ಆ ಮಕ್ಕಳಿಗೆ ಈ ಭೇದವನ್ನು ಕಿವಿಗೆ ಹಾಕಿ ಹಾಕಿ ಕಲಿಸಬೇಕಾಗುತ್ತದೆ. ವಾಕ್ಯರಚನೆಯಲ್ಲಾದರೋ ಮರಾಠಿ ಮಕ್ಕಳಿಗೂ ಕನ್ನಡದವರಷ್ಟೇ ಲಾಭವುಂಟು.

ಆ ವಾಕ್ಯರಚನೆಯೇ ಮುಖ್ಯ ಸಂಪತ್ತು. 'ಒಕಿತೆ, ಗೊಹನ್ ಒ ತಬೆತೆ, ಗಕ್ಕೋ ಎ ಇಕಿಮಸು' ಎಂಬ ವಾಕ್ಯವನ್ನು ಶಬ್ದಕ್ಕೆ ಶಬ್ದ ಇಟ್ಟರೆ 'ಎದ್ದು, ಊಟ ಮಾಡಿ, ಶಾಲೆಗೆ ಹೋಗುತ್ತೇನೆ' ಎಂದಾಗುತ್ತದೆ. ವಿಭಕ್ತಿ ನಾಮಪದದ ಹಿಂದೆ, ಕ್ರಿಯಾಪದ ವಾಕ್ಯದ ತುದಿಗೆ, ನಡುವಿನ ಕ್ರಿಯೆಗಳೆಲ್ಲ ಅಪೂರ್ಣ ರೂಪದಲ್ಲಿ. 'ತಬೆತೆ ಮಿರು' ಎಂದರೆ 'ತಿಂದು ನೋಡು'; ರುಚಿ ನೋಡುವುದಕ್ಕೆ 'ನೋಡು' ಎಂಬ ಧಾತುವನ್ನೇ ಎರಡೂ ಭಾಷೆಗಳು ಬಳಸುತ್ತವೆ. 'ತಬೆತೆ ಶಿಮತ್ತ' ಎಂದರೆ 'ತಿಂದುಬಿಟ್ಟೆ'. 'ಕತ್ತೆ ಒಕು' ಎಂದರೆ 'ಕೊಂಡಿಡು'. 'ಕತ್ತೆ' ಎಂಬ ರೂಪ ಕೇಳಿ ಮಕ್ಕಳು ನಗದಿರರು, ನಕ್ಕವರು ಮರೆಯಲಾರರು. 'ಕೈತೆ ಕುದಸೈ' ಎಂಬುದು ಅಥಣಿಯ ಪೇಟೆಯಲ್ಲಿ ದಿನಾಲೂ ಕೇಳುವ 'ಬರದ ಕೊಡ್ರಿ' ಎಂಬುದಕ್ಕಿಂತ ಬೇರೆಯಲ್ಲ.

ಪ್ರಶ್ನಾರ್ಥಕಗಳಲ್ಲಂತೂ ಸಾದೃಶ್ಯ ಅಚ್ಚರಿ ಹುಟ್ಟಿಸುವಷ್ಟು. 'ದರೆ' ಎಂದರೆ ಯಾರು. 'ದರೆ ಕ' ಯಾರೋ. 'ದರೆ ಮೊ' ಯಾರೂ. 'ದರೆ ದೆಮೊ' ಯಾರಾದರೂ. 'ನನಿ' ಏನು, 'ನನಿ ಕ' ಏನೋ, 'ನನಿ ಮೊ' ಏನೂ. 'ಮೊ' ಎಂಬ ಪ್ರತ್ಯಯ ಕನ್ನಡದ 'ಊ'ಕಾರವೇ ಸರಿ. ಇಂಗ್ಲಿಷಿನ ಮೂಲಕ ಕಲಿಯುವವನು ಇಲ್ಲಿ ಹನ್ನೆರಡು ಶಬ್ದಗಳನ್ನು ಉರು ಹೊಡೆಯಬೇಕು. ಕನ್ನಡದ ಹುಡುಗಿ ಮೂರು ಪ್ರತ್ಯಯಗಳನ್ನು ತಿಳಿದರೆ ಸಾಕು. ಈ ಸಾಮ್ಯವನ್ನು ಕಂಡು ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂದು ಹೇಳಹೊರಡುವುದು ಮಾತ್ರ ಅವಸರದ ಮಾತಾದೀತು. ಜಪಾನಿನ ವಿದ್ವಾಂಸ ಓನೊ ಸುಸುಮು ಅವರು ತಮ್ಮ ಭಾಷೆಗೂ ತಮಿಳಿಗೂ ಸಂಬಂಧವನ್ನು ಪ್ರತಿಪಾದಿಸಿದರು. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಪರೀಕ್ಷಾರ್ಥಿಗೆ ಆ ವಾದದ ಅಗತ್ಯವೂ ಇಲ್ಲ. ರಚನೆ ಹೋಲುತ್ತದೆಂಬುದಷ್ಟೇ ಅವನಿಗೆ ಸಾಕು.

ಈ ಹೋಲಿಕೆ ನೇರವಾಗಿ ಅಂಕವಾಗಿ ಮಾರ್ಪಡುವ ಒಂದು ಪ್ರಶ್ನೆ ಎಲ್ಲ ಮಟ್ಟಗಳಲ್ಲಿಯೂ ಇದೆ. ಒಂದು ವಾಕ್ಯದಲ್ಲಿ ನಾಲ್ಕು ತೆರವುಗಳು. ನಾಲ್ಕು ತುಂಡುಗಳನ್ನು ಕ್ರಮಗೆಡಿಸಿ ಕೊಟ್ಟಿರುತ್ತಾರೆ. ನಕ್ಷತ್ರದ ಗುರುತಿರುವ ತೆರವಿನಲ್ಲಿ ಯಾವ ತುಂಡು ಬರುತ್ತದೆಂದು ಹೇಳಬೇಕು. 'ಚಿಕ್ಕೋಡಿ' ಮತ್ತು 'ಐಮಶಿತ' ಎಂಬವುಗಳ ನಡುವೆ 'ಗಕುಸೇ ನಿ', 'ತೊ ಯೂ', 'ಕಿತ', 'ಮಚಿ ಕರ' ಎಂಬ ತುಂಡುಗಳಿವೆಯೆಂದು ಭಾವಿಸೋಣ. ಅರ್ಥಗಳನ್ನು ಕನ್ನಡದಲ್ಲಿ ಇಟ್ಟರೆ 'ವಿದ್ಯಾರ್ಥಿಗೆ', 'ಎಂಬ', 'ಬಂದ', 'ಊರಿನಿಂದ', ಕೊನೆಗೆ 'ಭೇಟಿಯಾದೆ'. ಕನ್ನಡ ಬಲ್ಲ ಯಾವ ಮಗುವಾದರೂ 'ಚಿಕ್ಕೋಡಿ ಎಂಬ ಊರಿನಿಂದ ಬಂದ ವಿದ್ಯಾರ್ಥಿಗೆ ಭೇಟಿಯಾದೆ' ಎಂದು ಜೋಡಿಸೀತು. ಜಪಾನೀ ಕ್ರಮವೂ ಅದೇ. ಗ್ರಾಂಥಿಕ ಕನ್ನಡದಲ್ಲಿ 'ವಿದ್ಯಾರ್ಥಿಯನ್ನು' ಎಂದಿರಬೇಕಿತ್ತೆಂದು ವ್ಯಾಕರಣಪ್ರಿಯರು ಹುಬ್ಬು ಗಂಟಿಕ್ಕಬಹುದು. ಆದರೆ ಈ ಭಾಗದ ಆಡುನುಡಿಯ 'ಅವರಿಗೆ ಭೆಟ್ಟಿಯಾದೆ' ಎಂಬ ಪ್ರಯೋಗವೇ ಇಲ್ಲಿ ಜಪಾನಿಗೆ ಸರಿಯಾಗಿ ಹೊಂದುತ್ತದೆ. ಇಂಥ ಪ್ರಶ್ನೆಗಳನ್ನು ಇಂಗ್ಲಿಷಿಗೆ ತಿರುಗಿಸಿ ಬಿಡಿಸುವವನು ವಾಕ್ಯವನ್ನು ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಅದರಲ್ಲಿಯೇ ಅವನ ನಿಮಿಷಗಳು ಕಳೆದುಹೋಗುತ್ತವೆ. ಕನ್ನಡದ ವಿದ್ಯಾರ್ಥಿ ೫೫ ನಿಮಿಷಗಳಲ್ಲಿ ವ್ಯಾಕರಣವನ್ನು ೨೦ರೊಳಗೆ ಮುಗಿಸಿ ಉಳಿದುದನ್ನೆಲ್ಲ ಓದಿಗೆ ಮೀಸಲಿಡುವುದು ಸಾಧ್ಯ, ಉಚಿತವೂ ಹೌದು.

ಸಾದೃಶ್ಯವೇ ಬಲೆಯಾಗುವ ಸ್ಥಳಗಳೂ ಇವೆ. ಕನ್ನಡದಲ್ಲಿ 'ಹೋದೆ, ಹೋದ, ಹೋದಳು' ಎಂದೊಡನೆ ಹೋದವರು ಯಾರೆಂದು ತಿಳಿಯುತ್ತದೆ. ಜಪಾನೀ ಕ್ರಿಯಾಪದಕ್ಕೆ ಪುರುಷ, ಲಿಂಗ, ವಚನಗಳ ಗುರುತಿಲ್ಲ. ಕರ್ತೃಪದವನ್ನೂ ಬಹಳ ಸಲ ಬಿಟ್ಟುಬಿಡುತ್ತಾರೆ. ಎನ್-೪ರ ಓದಿನ ಭಾಗದಲ್ಲಿ 'ಪುಸ್ತಕವನ್ನು ಕೊಂಡವರು ಯಾರು' ಎಂಬಂಥ ಪ್ರಶ್ನೆಗಳು ಬರುವುದು ಇದಕ್ಕಾಗಿಯೇ. ಉತ್ತರದ ಸುಳಿವು ಕೊಡುವ-ಪಡೆಯುವ ಕ್ರಿಯಾಪದಗಳಲ್ಲಿರುತ್ತದೆ. ಕನ್ನಡದ 'ಕೊಡು' ಎಂಬ ಒಂದೇ ಪದಕ್ಕೆ ಜಪಾನಿಯಲ್ಲಿ ಎರಡು: ತಾನು ಇತರರಿಗೆ ಕೊಟ್ಟರೆ 'ಅಗೆರು', ಇತರರು ತನಗೆ ಅಥವಾ ತನ್ನವರಿಗೆ ಕೊಟ್ಟರೆ 'ಕುರೆರು'. 'ಕುರೆರು' ಕಂಡ ಕೂಡಲೆ ಉಪಕಾರ ಮಾಡಿದವನು ಬೇರೊಬ್ಬನೆಂದು ಅಂಚಿನಲ್ಲಿ ಬಾಣದ ಗುರುತು ಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಗೌರವಸೂಚಕಗಳಲ್ಲಿ ಇನ್ನೊಂದು ಬಲೆ. 'ನಮ್ಮ ತಂದೆಯವರು ಬಂದಿದ್ದಾರೆ' ಎಂದು ಬಹುವಚನದಿಂದ ಹೇಳುವುದು ಇಲ್ಲಿಯ ಸಂಸ್ಕಾರ. ಜಪಾನಿಯಲ್ಲಿ ಪರರೆದುರು ಸ್ವಂತ ತಂದೆಯ ಮಾತು ಬಂದಾಗ ಗೌರವವನ್ನು ಇಳಿಸಿ 'ಚಿಚಿ' ಎನ್ನಬೇಕು; ಎದುರಿನವನ ತಂದೆ 'ಒತೋಸನ್'. ಆಲಿಸುವಾಗ ಈ ಎರಡು ಪದಗಳಿಂದಲೇ ಯಾರ ತಂದೆಯೆಂದು ನಿರ್ಧರಿಸಬೇಕಾಗುತ್ತದೆ. 'ಇದು-ಅದು' ಎಂಬ ಎರಡರ ಸ್ಥಾನದಲ್ಲಿ ಅಲ್ಲಿ ಮೂರಿವೆ: 'ಕೊರೆ' ಹೇಳುವವನ ಹತ್ತಿರದ್ದು, 'ಸೊರೆ' ಕೇಳುವವನ ಹತ್ತಿರದ್ದು, 'ಅರೆ' ಇಬ್ಬರಿಗೂ ದೂರದ್ದು. ಹಳಗನ್ನಡದಲ್ಲಿ 'ಇವಂ, ಅವಂ' ಎಂಬವುಗಳ ನಡುವೆ 'ಉವಂ' ಎಂಬ ರೂಪವಿದ್ದುದನ್ನು ಬಲ್ಲ ಪಂಡಿತರು ಈ ಮೂರರ ಮರ್ಮವನ್ನು ಚೆನ್ನಾಗಿ ವಿವರಿಸಬಲ್ಲರು.

ಕನ್ನಡದ ಕೀಲಿ ತೆರೆಯಲಾರದ ಬೀಗವೆಂದರೆ ಕಾಂಜಿ, ಅಂದರೆ ಚೀನೀ ಮೂಲದ ಚಿತ್ರಾಕ್ಷರಗಳು. ೨೦೧೦ಕ್ಕೆ ಮೊದಲಿನ ಪರೀಕ್ಷೆಯಲ್ಲಿ ನಾಲ್ಕನೆಯ ಮಟ್ಟಕ್ಕೆ ಸುಮಾರು ೧೦೦, ಮೂರನೆಯದಕ್ಕೆ ೩೦೦, ಎರಡನೆಯದಕ್ಕೆ ೧,೦೦೦, ಮೊದಲನೆಯದಕ್ಕೆ ೨,೦೦೦ ಚಿತ್ರಾಕ್ಷರಗಳೆಂದು ಪ್ರಮಾಣವಿತ್ತು. ಈಗ ಅಧಿಕೃತ ಪಟ್ಟಿಯನ್ನು ಪ್ರಕಟಿಸುವುದಿಲ್ಲವಾದರೂ ಆರಂಭದ ಅಭ್ಯಾಸಕ್ಕೆ ಆ ಹಳೆಯ ಅಳತೆಯೇ ಆಧಾರ. ಇಲ್ಲಿ ಅಡ್ಡದಾರಿಯಿಲ್ಲ, ದಿನಕ್ಕೆ ನಾಲ್ಕು ಅಕ್ಷರ, ಹಿಂದಿನ ದಿನದವುಗಳ ಪುನರಾವರ್ತನೆ. ಆದರೂ ಒಂದು ಅಕ್ಷರಕ್ಕೆ ಎರಡು ಬಗೆಯ ಉಚ್ಚಾರವೇಕೆಂಬ ಗೊಂದಲವನ್ನು ಕನ್ನಡದ ಉದಾಹರಣೆಯಿಂದ ಕಳೆಯಬಹುದು. ಬಿಡಿಯಾಗಿ 'ನೀರು' ಎನ್ನುವವರು ಸಮಾಸದಲ್ಲಿ 'ಜಲಾಶಯ', 'ಜಲಮಾರ್ಗ' ಎನ್ನುತ್ತಾರೆ. ನೀರಿನ ಜಪಾನೀ ಚಿತ್ರಾಕ್ಷರವೂ ಬಿಡಿಯಾಗಿ ನಿಂತಾಗ 'ಮಿಝು', ಸಮಾಸದಲ್ಲಿ 'ಸುಯಿ'. 'ಸುಯಿದೋ' ಎಂದರೆ ಅಕ್ಷರಶಃ ಜಲಮಾರ್ಗ, ವ್ಯವಹಾರದಲ್ಲಿ ನಳದ ನೀರು. ದೇಶ್ಯ-ತತ್ಸಮಗಳ ಪಾಠವನ್ನು ಮಾಡಿದ ಶಿಕ್ಷಕರಿಗೆ ಇದನ್ನು ಹೇಳಿಕೊಡಲು ಹೊಸ ಪಾಂಡಿತ್ಯ ಬೇಕಿಲ್ಲ. ಪರೀಕ್ಷೆಯಲ್ಲಿ ಕೊಡುವ ನಾಲ್ಕು ಉತ್ತರಗಳು ಹೆಚ್ಚಾಗಿ ಹ್ರಸ್ವ-ದೀರ್ಘದಲ್ಲಿಯೋ, ಕ-ಗ, ತ-ದ ಎಂಬ ವ್ಯತ್ಯಾಸದಲ್ಲಿಯೋ ಮಾತ್ರ ಭಿನ್ನವಾಗಿರುತ್ತವೆ. ಆದ್ದರಿಂದ ಕಣ್ಣಿನಿಂದ ಕಲಿತ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಿಯೇ ಕಲಿಯಬೇಕು.

ಆಲಿಸುವಿಕೆಗೆ ಹಳ್ಳಿಯ ವಿದ್ಯಾರ್ಥಿ ಕೊಡುವ ವೇಳೆ ಅತಿ ಕಡಿಮೆ. ಅವನನ್ನು ಬೀಳಿಸುವುದೂ ಅದೇ. ಧ್ವನಿಯನ್ನು ಒಂದೇ ಸಲ ಕೇಳಿಸುತ್ತಾರೆ. ಮೊದಲ ಬಗೆಯ ಪ್ರಶ್ನೆಗಳಲ್ಲಿ ಏನನ್ನು ಕಂಡುಹಿಡಿಯಬೇಕೆಂದು ಸಂಭಾಷಣೆಗೆ ಮೊದಲೇ ಹೇಳುವರು. ಆ ಒಂದು ವಾಕ್ಯ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಸಂಭಾಷಣೆಯಲ್ಲಿ ಮೊದಲು ಕೇಳಿಬರುವ ಸಂಖ್ಯೆ ಅಥವಾ ದಿನವು ಬಹಳ ಸಲ ಉತ್ತರವಾಗಿರುವುದಿಲ್ಲ. 'ದೆಮೊ' (ಆದರೆ), 'ಯಪ್ಪರಿ' (ಯೋಚಿಸಿ ನೋಡಿದರೆ) ಎಂಬ ಮಾತು ಬಂದೊಡನೆ ಹಿಂದಿನ ನಿರ್ಧಾರ ಬದಲಾಗುತ್ತದೆಂದು ತಿಳಿಯಬೇಕು. ಆಮಂತ್ರಣಕ್ಕೆ 'ಚೊತ್ತೊ…' ಎಂದು ಎಳೆದು ನಿಲ್ಲಿಸಿದರೆ ಅದು ಒಲ್ಲೆನೆಂಬುದಕ್ಕೆ ಮರ್ಯಾದೆಯ ರೂಪ. 'ಸ್ವಲ್ಪ ಕೆಲಸ ಇತ್ತರೀ…' ಎಂದು ಮಾತು ಅರ್ಧಕ್ಕೆ ಬಿಡುವ ಜನಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಬಗೆಯ ಪ್ರಶ್ನೆಗಳಲ್ಲಿ ಕಾಗದದ ಮೇಲೆ ಏನೂ ಮುದ್ರಿತವಾಗಿರುವುದಿಲ್ಲ. ಒಂದು ಮಾತು, ಅದಕ್ಕೆ ಮೂರು ಮರುಮಾತುಗಳು, ಕ್ಷಣದಲ್ಲಿ ಆಯ್ಕೆ. ತಿಳಿಯದಿದ್ದರೆ ಒಂದು ವೃತ್ತವನ್ನು ತುಂಬಿ ಮುಂದಿನದಕ್ಕೆ ಕಿವಿ ಕೊಡಬೇಕು. ಹಿಂದಿನದನ್ನು ಚಿಂತಿಸುತ್ತ ಕುಳಿತವನು ಒಂದರ ಬದಲು ಎರಡನ್ನು ಕಳೆದುಕೊಳ್ಳುತ್ತಾನೆ. ಪ್ರಸಾದನಿಲಯದ ಬೆಳಗಿನ ಓದಿನ ವೇಳೆಯಲ್ಲಿ ಇಪ್ಪತ್ತು ನಿಮಿಷ ಎಲ್ಲರಿಗೂ ಕೇಳುವಂತೆ ಜಪಾನೀ ಸಂಭಾಷಣೆಯನ್ನು ಹಾಕಿದರೆ ಸಾಕು. ಒಂದು ಧ್ವನಿವರ್ಧಕ ಪೆಟ್ಟಿಗೆಯ ವೆಚ್ಚ ದಾನಿಗಳಿಗೆ ಭಾರವಾಗದು. ಜಪಾನಿಯಲ್ಲಿ ಯಜಮಾನ, ಪತಿ ಎಂಬರ್ಥದ 'ದನ್ನ' ಎಂಬ ಪದವು ಸಂಸ್ಕೃತದ 'ದಾನ'ದಿಂದಲೇ ಬಂದಿದೆ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಕೆಲಸಕ್ಕಾಗಿಯೇ ಹೋಗುವವರಿಗೆ ಎನ್-೪ರ ಬದಲು ಜೆ.ಎಫ್.ಟಿ. ಬೇಸಿಕ್ ಎಂಬ ಇನ್ನೊಂದು ಪರೀಕ್ಷೆಯೂ ೨೦೧೯ರಿಂದ ಇದೆ. ಅದು ಗಣಕಯಂತ್ರದ ಮೇಲೆ ೬೦ ನಿಮಿಷ ನಡೆಯುತ್ತದೆ. ೨೫೦ಕ್ಕೆ ೨೦೦ ಬೇಕು. ಎರಡರಲ್ಲಿ ಯಾವುದನ್ನು ಪಾಸು ಮಾಡಿದರೂ ಆಯಾ ವೃತ್ತಿಯ ಕೌಶಲ ಪರೀಕ್ಷೆಯನ್ನು ಬೇರೆಯಾಗಿ ಎದುರಿಸಬೇಕು, ಅಲ್ಲಿಯ ಉದ್ಯೋಗದಾತನೂ ದೊರೆಯಬೇಕು. ಭಾಷೆಯ ಪ್ರಮಾಣಪತ್ರವೊಂದೇ ವೀಸಾ ಎಂದು ನಂಬಿಸುವ ಮಧ್ಯಸ್ಥರಿಗೆ ಹೊಲ ಅಡವಿಟ್ಟು ಹಣ ಕೊಡುವ ಮೊದಲು ಪಾಲಕರು ಇಷ್ಟನ್ನಾದರೂ ತಿಳಿದಿರಬೇಕು.

ಕೇಂದ್ರದ ಆಯ್ಕೆಯೂ ವಿಚಾರಕ್ಕೆ ಅರ್ಹ. ಜೆ.ಎಲ್.ಪಿ.ಟಿ. ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ನಡೆಯುತ್ತದೆ. ನಿಪ್ಪಾಣಿಯಿಂದ ಪುಣೆಯು ಬೆಂಗಳೂರಿನ ಸುಮಾರು ಅರ್ಧ ದೂರ, ಅದೂ ಒಂದೇ ಹೆದ್ದಾರಿ. ಕಾಗವಾಡ, ಅಥಣಿಯವರಿಗೆ ಮೀರಜ ರೈಲು ನಿಲ್ದಾಣವೇ ಅನುಕೂಲ. ಪ್ರಶ್ನೆಪತ್ರಿಕೆ ಎಲ್ಲ ಕಡೆಗೂ ಜಪಾನಿಯಲ್ಲಿಯೇ ಇರುವುದರಿಂದ ರಾಜ್ಯದ ಗಡಿ ಇಲ್ಲಿ ಲೆಕ್ಕಕ್ಕಿಲ್ಲ. ಡಿಸೆಂಬರ್ ಆರಂಭವು ಕಬ್ಬು ಕಟಾವಿನ ಭರದ ಕಾಲ. ಮನೆಯ ಕೆಲಸ ತಪ್ಪಿಸಿಕೊಳ್ಳಲಾಗದವನು ಜುಲೈ ಪರೀಕ್ಷೆಗೆ ಕೂಡುವುದು ಮೇಲು. ೨೦೧೯ರ ಆಗಸ್ಟ್ ಮತ್ತು ೨೦೨೧ರ ಜುಲೈ ಕೊನೆಯಲ್ಲಿ ಕೃಷ್ಣಾ, ವೇದಗಂಗಾ, ದೂಧಗಂಗಾ ನದಿಗಳ ಮಹಾಪೂರದಿಂದ ಈ ಭಾಗದ ರಸ್ತೆಗಳು ಮುಳುಗಿದವು. ಪರೀಕ್ಷೆ ಜುಲೈ ಮೊದಲ ವಾರದಲ್ಲಿಯೇ ಮುಗಿಯುವುದಾದರೂ ಮಳೆಯ ದಿನಗಳಾದ್ದರಿಂದ ಹಿಂದಿನ ದಿನವೇ ಊರು ಸೇರಿರಬೇಕು. ನೋಂದಣಿ ಕೆಲವು ತಿಂಗಳು ಮೊದಲೇ ಮುಗಿಯುತ್ತದೆ. ಒಂದು ಭಾಗಕ್ಕೆ ಗೈರುಹಾಜರಾದರೂ ಇಡೀ ಪರೀಕ್ಷೆ ಅನುತ್ತೀರ್ಣವೆಂದೇ ಲೆಕ್ಕ. ಸಂಚಾರಿ ದೂರವಾಣಿಯನ್ನು ಸಂಪೂರ್ಣ ಆರಿಸಿಡಬೇಕು, ಎಚ್.ಬಿ. ಪೆನ್ಸಿಲ್ ಎರಡು, ಅಳಿಸುವ ರಬ್ಬರ್ ಒಂದು ಜೊತೆಗಿರಬೇಕು.

ಜುಲೈ ಪರೀಕ್ಷೆಯ ಫಲಿತಾಂಶ ಆಗಸ್ಟ್ ಕೊನೆಗೆ, ಡಿಸೆಂಬರಿನದು ಜನವರಿ ಕೊನೆಗೆ ಹೊರಬೀಳುತ್ತದೆ. ಅಂಕಪಟ್ಟಿಯಲ್ಲಿ ತೇರ್ಗಡೆಯ ಮಾತಲ್ಲದೆ ಶಬ್ದ, ವ್ಯಾಕರಣ, ಓದು ಇವುಗಳಿಗೆ ಎ, ಬಿ, ಸಿ ಎಂಬ ಶ್ರೇಣಿಯನ್ನು ತೋರಿಸಿರುತ್ತಾರೆ. ಮೂರರಲ್ಲಿ ಎರಡು ಪಾಲಿಗೆ ಮೇಲ್ಪಟ್ಟು ಸರಿಯಾಗಿದ್ದರೆ ಎ, ಮೂರನೆಯ ಒಂದು
ಪಾಲಿಗಿಂತ ಕಡಿಮೆಯಾಗಿದ್ದರೆ ಸಿ. ಅನುತ್ತೀರ್ಣನಾದ ವಿದ್ಯಾರ್ಥಿಯ ಪಟ್ಟಿಯನ್ನು ಶಿಕ್ಷಕರು ಅವನ ಪಕ್ಕದಲ್ಲಿ ಕುಳಿತು ಓದಬೇಕು. ವ್ಯಾಕರಣ ಎ, ಶಬ್ದ ಸಿ ಎಂದಿದ್ದರೆ ಕಾಂಜಿಯ ದಿನಚರಿ ತಪ್ಪಿದೆ. ಶಬ್ದ ಎ, ಓದು ಸಿ ಎಂದಿದ್ದರೆ ವೇಳೆ ಸಾಲದಾಗಿದೆ. ಇವೆಲ್ಲ ಬಿ ಇದ್ದು ಆಲಿಸುವಿಕೆ ೧೯ರ ಕೆಳಗಿದ್ದರೆ ಮುಂದಿನ ಆರು ತಿಂಗಳ ಬೆಳಗುಗಳೆಲ್ಲ ಕಿವಿಗೆ ಸೇರಿದವು.